ಸೂಕ್ಷ್ಮದರ್ಶಕ ಬೀರುವಿನಿಂದ ಹೊರಬರಲಿ

ಮಾನ್ಯರೇ,

ನಾನು ನಿವೃತ್ತ ವಿಜ್ಞಾನ ಶಿಕ್ಷಕಿ. ಶಾಲೆಯೊಂದರ ಬೀರುವಿನಲ್ಲಿ ಸೂಕ್ಷ್ಮದರ್ಶಕ ಧೂಳು ತಿನ್ನುತ್ತಿರುವುದನ್ನು ಕಂಡು ಹೊಟ್ಟೆ ಉರಿಯಿತು. ಕೇಳಿ ಹೊರಗೆ ತೆಗೆಸಿದೆ. ಈರುಳ್ಳಿಯ ತೆಳು ಒಳಪೊರೆಗೆ ಒಂದು ಹನಿ ಅಯೋಡಿನ್ ಹಾಕಿ ಇಟ್ಟೆವು. 40 ಪಟ್ಟು ಹಿಗ್ಗಿಸಿದಾಗ ಇಟ್ಟಿಗೆ ಗೋಡೆಯಂತೆ ಸಾಲು ಸಾಲು ಜೀವಕೋಶಗಳು. 100 ಪಟ್ಟಿಗೆ ಒಂದೊಂದು ಇಟ್ಟಿಗೆಯೊಳಗೂ ಕಂದು ಚುಕ್ಕೆ, ಅದೇ ಕೋಶಕೇಂದ್ರ. 400 ಪಟ್ಟಿಗೆ ಬೆರಳೆಣಿಕೆಯ ಕೋಶಗಳೇ ಕಣ್ತುಂಬ. ಬೆಳಕು ಮಾತ್ರ ಮಂಕು. (ನೇರವಾಗಿ 400ಕ್ಕೆ ಹಾರಿದರೆ ಮಕ್ಕಳಿಗೆ ಮಬ್ಬು ಬಿಟ್ಟು ಬೇರೇನೂ ಸಿಗದು.) ‘ಅಮ್ಮ ದಿನವೂ ಹೆಚ್ಚುವ ಈರುಳ್ಳಿ ಇದೇನಾ ಮಿಸ್?’ ಎಂದ ಹುಡುಗಿ ಮಸೂರದಿಂದ ಕಣ್ಣು ಕೀಳಲೇ ಇಲ್ಲ. ಪುಸ್ತಕದ ಚಿತ್ರ ನಕಲು ಮಾಡಿಸಿದರೆ ಈ ಬೆರಗು ಹುಟ್ಟೀತೇ? ಮುಖ್ಯ ಶಿಕ್ಷಕರು ವಾರಕ್ಕೊಂದು ಪೀರಿಯಡ್ ಆದರೂ ಬೀಗ ತೆಗೆಸಲಿ.

– ನಿವೃತ್ತ ಶಿಕ್ಷಕಿ, ತಿಪಟೂರು