ಹೊಟ್ಟೆಪಟ್ಟಿ ಇಲ್ಲದ ಜೀನು

ಡೆಬ್ರೆಟ್ಸೆನ್, ಹಂಗೇರಿ
ಅಕ್ಟೋಬರ್ 12

ಪ್ರೀತಿಯ ತಾತನಿಗೆ ನಿಮ್ಮ ಮೊಮ್ಮಗಳು ಮಾಡುವ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಚಳಿ ಆಗಲೇ ಶುರುವಾಗಿದೆ. ಅಮ್ಮ ಕಟ್ಟಿಕೊಟ್ಟ ಸ್ವೆಟರ್ ಪೆಟ್ಟಿಗೆಯಿಂದ ಹೊರಗೆ ಬಂದಿದೆ. ಅಜ್ಜಿಯ ಮಂಡಿನೋವು ಹೇಗಿದೆ? ಫೋನಿನಲ್ಲಿ ಇಷ್ಟೆಲ್ಲ ಹೇಳೋಕೆ ಆಗೋದಿಲ್ಲ, ಅದಕ್ಕೇ ಪತ್ರ. ಅಪ್ಪನ ಕೈಲಿ ನಿಧಾನವಾಗಿ ಓದಿಸಿಕೊಳ್ಳಿ. ಇದೆಲ್ಲ ಕುದುರೆ ವಿಷಯ, ಹಾಗಾಗಿ ಮನೆಯವರಿಗೆಲ್ಲ ಸೇರಿಸಿ ಬರೆಯದೆ ನಿಮಗೇ ಬರೆಯುತ್ತಿದ್ದೇನೆ.

ಹೋದ ಶನಿವಾರ ನಮ್ಮ ವಿಶ್ವವಿದ್ಯಾಲಯದವರು ಹೊರದೇಶದಿಂದ ಬಂದ ಮಕ್ಕಳನ್ನೆಲ್ಲ ಬಸ್ಸಿನಲ್ಲಿ ಹೊರ್ತೊಬಾಜ್‌ಗೆ ಕರೆದುಕೊಂಡು ಹೋಗಿದ್ದರು. ಈ ಊರಿಂದ ಸುಮಾರು 40 ಕಿಲೋಮೀಟರ್. ಅಲ್ಲಿ ಮಾಟಾ ಅನ್ನೋ ಕಡೆ ಹಳೇ ಕಾಲದ ಕುದುರೆ ಫಾರಂ ಇದೆ. ನೀವು ಕುಣಿಗಲ್ ಕುದುರೆ ಫಾರಂನಲ್ಲಿ ಕುದುರೆ ನೋಡಿಕೊಳ್ಳುವ ಸೈಸ್ ಆಗಿ ದುಡಿದವರು. ಅಲ್ಲಿ ಒಂದೊಂದನ್ನು ನೋಡುವಾಗಲೂ, ತಾತ ಇದ್ದಿದ್ದರೆ ಏನು ಕೇಳುತ್ತಿದ್ದರು ಅಂತಲೇ ನನ್ನ ಯೋಚನೆ.

ಮೊದಲು ನೆಲದ ವಿಷಯ ಹೇಳಿಬಿಡುತ್ತೇನೆ. ಪೂರ್ತಿ ಬಯಲು. ಗುಡ್ಡ ಇಲ್ಲ, ಬಂಡೆ ಇಲ್ಲ, ಮರ ಅಲ್ಲೊಂದು ಇಲ್ಲೊಂದು. ಈ ಬಯಲಿಗೆ ಇವರು ಪುಸ್ತಾ ಅಂತಾರೆ. ಮಣ್ಣು ಚೌಳು, ಉತ್ತು ಬಿತ್ತೋಕೆ ಒಗ್ಗೋದಿಲ್ಲ, ಹುಲ್ಲು ಮಾತ್ರ ಬೆಳೆಯುತ್ತೆ. ಹಾಗಾಗಿ ನೂರಾರು ವರ್ಷದಿಂದ ಇದು ದನ, ಕುರಿ, ಕುದುರೆ ಮೇಯುವ ಜಾಗವಾಗಿಯೇ ಉಳಿದಿದೆ. ಶತಮಾನಗಳ ಕಾಲ ಈ ಹುಲ್ಲುಗಾವಲು ಡೆಬ್ರೆಟ್ಸೆನ್ ಪಟ್ಟಣದ್ದೇ ಆಗಿತ್ತು. 1973ರಲ್ಲಿ ಇದನ್ನು ರಾಷ್ಟ್ರೀಯ ಉದ್ಯಾನ ಮಾಡಿದರು, ಹಂಗೇರಿಯಲ್ಲಿ ಅದೇ ಮೊದಲನೆಯದು. ನಮ್ಮ ಲೆಕ್ಕದಲ್ಲಿ ಸುಮಾರು 2 ಲಕ್ಷ ಎಕರೆ. 1999ರಲ್ಲಿ ಯುನೆಸ್ಕೋದವರು ವಿಶ್ವ ಪರಂಪರೆಯ ಪಟ್ಟಿಗೂ ಸೇರಿಸಿದರು. ಬರೀ ಹುಲ್ಲಿಗೋಸ್ಕರ ಅಲ್ಲ ತಾತ, ಅಲ್ಲಿ ದನ ಕುದುರೆ ಮೇಯಿಸುವ ಬದುಕಿಗೋಸ್ಕರವೂ ಹೌದು.

ಬಯಲಿನಲ್ಲಿ ದೂರದಿಂದ ಮೊದಲು ಕಾಣೋದು ಬಾವಿ. ಯಾವ ಬಾವಿ ಅಂತೀರಿ? ಏತದ ಬಾವಿ! ಕವಲುಕಂಬ, ಅದರ ಮೇಲೆ ಅಡ್ಡ ಉದ್ದನೆಯ ಮರ, ಒಂದು ತುದಿಗೆ ಭಾರ, ಇನ್ನೊಂದು ತುದಿಯಿಂದ ಬಾವಿಗೆ ಇಳಿಯುವ ಗಳ. ನಿಮ್ಮ ಅಪ್ಪ ತೋಟದಲ್ಲಿ ಏತ ತುಳಿದು ನೀರು ಎತ್ತುತ್ತಿದ್ದರು ಅಂತ ನೀವು ಹೇಳಿದ್ದು ಆಗಲೇ ನೆನಪಾಯಿತು. ಇಲ್ಲಿ ಮೇಲೆ ಹತ್ತಿ ತುಳಿಯೋದಿಲ್ಲ, ಕೆಳಗೆ ನಿಂತು ಕೈಯಲ್ಲೇ ಎಳೀತಾರೆ. ದನಗಳಿಗೆ ಕುಡಿಯೋಕೆ ಪಕ್ಕದಲ್ಲೇ ಉದ್ದನೆಯ ಮರದ ತೊಟ್ಟಿ.

ನಮ್ಮನ್ನು ಕುದುರೆ ಗಾಡಿಯಲ್ಲಿ ಕೂರಿಸಿ ಬಯಲೊಳಗೆ ಕರೆದುಕೊಂಡು ಹೋದರು. ಗಾಡಿ ಎಳೆದದ್ದು ನೋನಿಯಸ್ ಜಾತಿಯ ಜೋಡಿ. ಈ ಜಾತಿಯ ಕಥೆ ನಿಮಗೆ ಇಷ್ಟವಾಗುತ್ತೆ. ಹಂಗೇರಿಯ ದಕ್ಷಿಣದಲ್ಲಿ ಮೆಜೋಹೆಜೆಶ್ ಅಂತ ಊರು. 1784ರಲ್ಲಿ ದಂಡಿಗೆ ಕುದುರೆ ಒದಗಿಸಲು ಅಲ್ಲಿ ಫಾರಂ ಶುರುಮಾಡಿದರು. ನಮ್ಮ ಕುಣಿಗಲ್ ಫಾರಂ ಟಿಪ್ಪುವಿನ ಕಾಲದಲ್ಲಿ ಹುಟ್ಟಿದ್ದೂ ದಂಡಿನ ಕುದುರೆಗಾಗಿಯೇ ಅಲ್ವಾ? ಹೆಚ್ಚುಕಡಿಮೆ ಒಂದೇ ಕಾಲ. ನೆಪೋಲಿಯನ್ ಯುದ್ಧದ ಹೊತ್ತಿಗೆ ಫ್ರಾನ್ಸಿನಿಂದ ಹಿಡಿದು ತಂದ ನೋನಿಯಸ್ ಅನ್ನೋ ಗಂಡುಕುದುರೆಯನ್ನು ಆ ಫಾರಂಗೆ ಕೊಟ್ಟರು. ಅದು ನೋಡೋಕೆ ಏನೂ ಚೆನ್ನಾಗಿರಲಿಲ್ಲವಂತೆ. ದಪ್ಪ ತಲೆ, ಸಣ್ಣ ಕಣ್ಣು, ಉದ್ದ ಕಿವಿ, ಗಿಡ್ಡ ಕುತ್ತಿಗೆ. ಆದರೆ ಅದರ ಮರಿಗಳು ಗಟ್ಟಿಮುಟ್ಟಾಗಿ, ಸಾಧುವಾಗಿ ಹುಟ್ಟಿದವು. ಆ ಸಂತಾನವೇ ಒಂದು ಜಾತಿಯಾಯಿತು. ಆಮೇಲೆ ಅದಕ್ಕೆ ಥರೋಬ್ರೆಡ್ ರಕ್ತವನ್ನೂ ಸೇರಿಸಿದರು, ನೀವು ಸಾಕಿದ ಓಟದ ಕುದುರೆಯ ಜಾತಿಯದು. ನಾನು ನೋಡಿದ ಜೋಡಿ ಕಡುಗಂದು, ನೆರಳಿಗೆ ಬಂದರೆ ಕಪ್ಪೇ ಅನ್ನಬೇಕು. ಎದೆ ಅಗಲ, ಕಾಲು ದಪ್ಪ. ಓಟದ ಕುದುರೆಯ ಚುರುಕು ಇಲ್ಲ, ಆದರೆ ಗಾಡಿಗೂ ನೇಗಿಲಿಗೂ ಸವಾರಿಗೂ ಆಗುವಂಥದ್ದು.

ಇಲ್ಲಿ ಕುದುರೆ ಮಂದೆ ಕಾಯುವವರಿಗೆ ಚಿಕೋಶ್ ಅಂತಾರೆ. ನೀಲಿ ಬಣ್ಣದ ದೊಗಲೆ ಅಂಗಿ, ಅಗಲ ಚಲ್ಲಣ, ಕಪ್ಪು ಟೋಪಿ, ಮಂಡಿವರೆಗೆ ಬೂಟು. ಮೂರು ಜನ ಕುದುರೆ ಓಡಿಸಿಕೊಂಡು ಬಂದು ನಮ್ಮ ಗಾಡಿ ಮುಂದೆ ನಿಲ್ಲಿಸಿದರು. ಒಬ್ಬ ಕುದುರೆಯ ಕಿವಿ ಹತ್ತಿರ ಏನೋ ಹೇಳಿ ಲಗಾಮು ಮೆತ್ತಗೆ ಎಳೆದ. ಅದು ಮುಂಗಾಲು ಮಡಚಿ, ಆಮೇಲೆ ಹಿಂಗಾಲು ಮಡಚಿ, ಮಗ್ಗುಲಿಗೆ ಹುಲ್ಲಿನ ಮೇಲೆ ಮಲಗಿತು. ಅವನು ಅದರ ಪಕ್ಕೆ ಮೇಲೆ ಹತ್ತಿ ನಿಂತು ಚಾಟಿ ಬೀಸಿದ. ಪಟಾರ್ ಅಂತ ಕಿವಿ ಗುಯ್ಗುಟ್ಟುವ ಸದ್ದು. ಕುದುರೆ ರೆಪ್ಪೆ ಬಡಿಯಿತೇ ಹೊರತು ಏಳಲಿಲ್ಲ.

ಇದನ್ನೆಲ್ಲ ಈಗ ನಮ್ಮಂಥವರಿಗೆ ಆಟವಾಗಿ ತೋರಿಸುತ್ತಾರೆ, ನಿಜ. ಆದರೆ ಇದು ಆಟಕ್ಕಾಗಿ ಹುಟ್ಟಿದ್ದಲ್ಲ. ಬಯಲಿನಲ್ಲಿ ಮರೆ ಇಲ್ಲ. ಕಳ್ಳರು ಬಂದರೆ, ದಂಡು ಬಂದರೆ ಅಡಗೋಕೆ ಕುದುರೆಯನ್ನೇ ಎತ್ತರದ ಹುಲ್ಲಿನಲ್ಲಿ ಮಲಗಿಸಬೇಕು. ಗಾಳಿಮಳೆ ಬಂದರೂ ಅದರ ಮೈಯೇ ಮನುಷ್ಯನಿಗೆ ಗೋಡೆ. ಚಾಟಿಯ ಸದ್ದು ಅಭ್ಯಾಸವಾದ ಕುದುರೆ ಗುಂಡಿನ ಸದ್ದಿಗೂ ಬೆದರೋದಿಲ್ಲ. ಆ ಚಾಟಿಯಿಂದ ಅವರು ಕುದುರೆಗೆ ಹೊಡೆದದ್ದನ್ನು ನಾನು ಒಂದು ಸಲವೂ ನೋಡಲಿಲ್ಲ.

ಈಗ ಮುಖ್ಯವಾದದ್ದು ಹೇಳುತ್ತೇನೆ, ತಾತ. ಅವರ ಜೀನಿಗೆ ಹೊಟ್ಟೆಪಟ್ಟಿ, ಅಂದರೆ ಕುದುರೆಯ ಹೊಟ್ಟೆ ಕೆಳಗೆ ಬಿಗಿಯುವ ಪಟ್ಟಿ, ಇಲ್ಲವೇ ಇಲ್ಲ!

ನಾನು ಮೊದಲು ನಂಬಲಿಲ್ಲ. ಜೊತೆಗೆ ಬಂದ ಹುಡುಗಿಗೆ ಅವರ ಭಾಷೆ ಗೊತ್ತಿತ್ತು, ಹತ್ತಿರದಿಂದ ತೋರಿಸಿ ಅಂತ ಅವಳ ಕೈಲಿ ಕೇಳಿಸಿದೆ. ವಯಸ್ಸಾದ ಒಬ್ಬ ಚಿಕೋಶ್ ಇಳಿದು, ಜೀನನ್ನು ಒಂದೇ ಕೈಯಲ್ಲಿ ಎತ್ತಿ ನನ್ನ ಕೈಗೇ ಕೊಟ್ಟರು. ದಪ್ಪ ತೊಗಲಿನ ಹಾಸು, ಎರಡು ಕಡೆ ತೊಗಲಿನ ಬಾರು, ಬಾರಿಗೆ ಕಾಲಿಡೋಕೆ ಎರಡು ರಿಕಾಪು. ಅಷ್ಟೇ. ಬಕಲ್ ಇಲ್ಲ, ಗಂಟಿಲ್ಲ. ಒಳಗಡೆ ಕುದುರೆಯ ಬೆವರಿನಿಂದ ಬೆಚ್ಚಗಿತ್ತು, ಅಂಚು ಸವೆದು ನುಣ್ಣಗಾಗಿತ್ತು. ಬಯಲಿನಲ್ಲಿ ಇದ್ದಕ್ಕಿದ್ದಂತೆ ಮಂದೆ ಚದುರಿದರೆ ಪಟ್ಟಿ ಬಿಗಿಯುತ್ತಾ ಕೂರೋಕೆ ಹೊತ್ತಿಲ್ಲ, ಬೆನ್ನಿಗೆ ಎಸೆದು ಹತ್ತಬೇಕು ಅಂತ ಅವರು ವಿವರಿಸಿದರು. ಹತ್ತುವಾಗ ರಿಕಾಪಿನ ಮೇಲೆ ಭಾರ ಬಿಟ್ಟರೆ ಜೀನು ಜಾರಿಬಿಡುತ್ತೆ. ಓಟದಲ್ಲಿ ಮೈ ಒಂದು ಕಡೆ ವಾಲಿದರೂ ಅಷ್ಟೇ. ಮನುಷ್ಯನ ತೂಕ ಸರಿಯಾಗಿ ನಡುವೆ ಕೂತರೆ ಮಾತ್ರ ಜೀನು ನಿಲ್ಲೋದು.

ಆಮೇಲೆ ಅವರು ಅದನ್ನು ಕುದುರೆಗೆ ಹಾಕಿ, ನಾನು ನೋಡುತ್ತಿದ್ದಂತೆಯೇ ಹತ್ತಿ ಹೊರಟೇಬಿಟ್ಟರು. ಎಳೇ ಮರಿ ಮೇಲೆ ಮೊದಲ ಸಲ ಜೀನು ಹಾಕೋದೇ ಒಂದು ತಿಂಗಳ ಕೆಲಸ, ಪಟ್ಟಿ ಬಿಗಿದರೆ ಹೊಟ್ಟೆ ಉಬ್ಬಿಸಿಕೊಂಡು ಮೋಸ ಮಾಡುತ್ತೆ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ತೂತು ಬಿಗೀಬೇಕು ಅಂತ ನೀವು ಹೇಳುತ್ತಿದ್ದಿರಲ್ಲ, ಅದನ್ನು ನಮ್ಮ ಹುಡುಗಿಯ ಮೂಲಕ ಅವರಿಗೆ ಹೇಳಿಸಿದೆ. ಅವರು ಜೋರಾಗಿ ನಕ್ಕು, ನಿಮ್ಮ ತಾತನಿಗೆ ಕುದುರೆ ಗೊತ್ತು ಅಂದರು. ನನಗೆ ಎಷ್ಟು ಖುಷಿಯಾಯಿತು ಅಂತ ಹೇಳೋಕಾಗಲ್ಲ.

ಕೊನೆಗೆ ಐದು ಕುದುರೆ ಸವಾರಿ ತೋರಿಸಿದರು. ಮುಂದೆ ಮೂರು, ಹಿಂದೆ ಎರಡು. ಹಿಂದಿನ ಎರಡರ ಬೆನ್ನಿನ ಮೇಲೆ ಒಂದೊಂದು ಕಾಲು ಇಟ್ಟು ಒಬ್ಬ ನಿಂತಿರುತ್ತಾನೆ, ಐದರ ಲಗಾಮೂ ಅವನ ಕೈಯಲ್ಲಿ. ನಿಂತಲ್ಲೇ ಅಲ್ಲ, ನಾಗಾಲೋಟದಲ್ಲಿ! ನಮ್ಮ ಗಾಡಿಯ ಪಕ್ಕದಲ್ಲೇ ಹಾದು ಹೋದಾಗ ನೆಲ ಅದುರಿತು. ಅವನ ಮಂಡಿ ಮಾತ್ರ ಆಡುತ್ತಿತ್ತು, ಭುಜ ಅಲುಗಲಿಲ್ಲ. ಇದು ತುಂಬಾ ಹಳೆಯ ವಿದ್ಯೆ ಇರಬೇಕು ಅಂದುಕೊಂಡಿದ್ದೆ. ಅಲ್ಲವಂತೆ. ಲುಡ್ವಿಗ್ ಕೋಖ್ ಅಂತ ಆಸ್ಟ್ರಿಯಾದ ಚಿತ್ರಕಾರ ಹೀಗೊಂದು ಚಿತ್ರ ಬರೆದಿದ್ದನಂತೆ, ಸುಮ್ನೆ ಕಲ್ಪನೆಯಿಂದ. ಅದನ್ನು ನೋಡಿದ ಚಿಕೋಶರು ಆಮೇಲೆ ನಿಜವಾಗಿಯೂ ಮಾಡಿ ತೋರಿಸಿದರು.

ಊಟದ ವಿಷಯ ಅಮ್ಮ ಕೇಳುತ್ತಾಳೆ, ಹೇಳಿಬಿಡಿ. ಅಲ್ಲಿ ದನದ ಮಾಂಸ ಜಾಸ್ತಿ. ನಾನು ಕೋಳಿ ಹಾಕಿದ ದೋಸೆ ತಿಂದೆ, ಮೇಲೆ ಕೆಂಪು ಮೆಣಸಿನಪುಡಿಯ ಗೊಜ್ಜು, ಖಾರವೇ ಇಲ್ಲ. ಕುರಿ ಕಾಯುವವರ ಅಡುಗೆಯನ್ನೂ ನೋಡಿದೆ. ಆಲೂಗಡ್ಡೆ, ಶಾವಿಗೆ ಥರದ್ದು, ಹಂದಿ ಕೊಬ್ಬು ಎಲ್ಲವನ್ನೂ ಕಬ್ಬಿಣದ ಪಾತ್ರೆಯಲ್ಲಿ ಹಾಕಿ ಬೆಂಕಿ ಮೇಲೆ ತೂಗುಹಾಕುತ್ತಾರೆ. ಸೌಟು ಆಡಿಸೋದಿಲ್ಲ, ಪಾತ್ರೆಯನ್ನೇ ತಿರುಗಿಸುತ್ತಾರೆ.

ಅಪ್ಪನಿಗೆ ದನದ ವಿಷಯ ಬೇಕು. ಅಪ್ಪಾ, ಇಲ್ಲಿನ ದನದ ಬಣ್ಣ ನಮ್ಮ ಹಳ್ಳಿಕಾರ್ ಹಾಗೇ ಬೂದು. ಆದರೆ ಮೈ ದೊಡ್ಡದು, ಕೊಂಬು ಒಂದೊಂದೂ ನನ್ನ ತೋಳಿನಷ್ಟು ಉದ್ದ. ಕರು ಹುಟ್ಟುವಾಗ ಕೆಂಚು, ಕೆಲವು ತಿಂಗಳಾದ ಮೇಲೆ ಬೂದು ಬಣ್ಣಕ್ಕೆ ತಿರುಗುತ್ತೆ. ಹಿಂದೆ ಈ ದನಗಳನ್ನು ಸಾವಿರಗಟ್ಟಲೆ ನಡೆಸಿಕೊಂಡೇ ಜರ್ಮನಿಯ ಪೇಟೆಗಳಿಗೆ, ವೆನಿಸ್‌ಗೆ ಮಾರೋಕೆ ಹೋಗುತ್ತಿದ್ದರಂತೆ. ಟ್ರ್ಯಾಕ್ಟರ್ ಬಂದ ಮೇಲೆ ಯಾರಿಗೂ ಬೇಡವಾಯಿತು. 1960ರ ದಶಕದಲ್ಲಿ ಬೆರಳೆಣಿಕೆಯಷ್ಟು ಹೋರಿಗಳು ಉಳಿದಿದ್ದವು. ಅಲ್ಲಿಂದ ಮತ್ತೆ ಬೆಳೆಸಿದ್ದಾರೆ. ತಿರುಪಿನ ಹಾಗೆ ಸುತ್ತಿದ ಕೊಂಬಿನ ಕುರಿಗಳೂ ಇದ್ದವು, ರಾಟ್ಸ್ಕಾ ಅಂತ. ಕೆಸರಿನಲ್ಲಿ ಎಮ್ಮೆಗಳೂ ಬಿದ್ದುಕೊಂಡಿದ್ದವು! ಜೊತೆಗಿದ್ದ ವಿಯೆಟ್ನಾಮ್ ಹುಡುಗಿಯೂ ನಾನೂ ಒಟ್ಟಿಗೇ ಕೂಗಿಕೊಂಡೆವು.

ಅದನ್ನೆಲ್ಲ ನೋಡುವಾಗ ನಮ್ಮ ಅಮೃತ್ ಮಹಲ್ ಕಾವಲುಗಳು ನೆನಪಾಗಿ ಹೊಟ್ಟೆ ಉರಿಯಿತು. ನಮ್ಮಲ್ಲೂ ಅರಸರು ದನಕ್ಕೆಂದೇ ಬಿಟ್ಟ ಹುಲ್ಲುಗಾವಲು ಇತ್ತು, ತಳಿ ಇತ್ತು, ಕಾಯುವವರು ಇದ್ದರು. ಎಷ್ಟೊಂದು ಕಾವಲು ಬೇರೆ ಬೇರೆ ಕೆಲಸಕ್ಕೆ ಕರಗಿಹೋಯಿತು. ಇವರು ಹುಲ್ಲು, ಪ್ರಾಣಿ, ಮನುಷ್ಯ ಮೂರನ್ನೂ ಒಟ್ಟಿಗೆ ಉಳಿಸಿಕೊಂಡಿದ್ದಾರೆ. ಬರೀ ತಳಿ ಉಳಿಸಿ, ಅದನ್ನು ಪಳಗಿಸೋಕೆ ಗೊತ್ತಿರುವವರನ್ನು ಕೈಬಿಟ್ಟರೆ ಏನು ಪ್ರಯೋಜನ?

ಈ ಬಯಲಿನಲ್ಲಿ ನೋವಿನ ಕಥೆಯೂ ಇದೆ. 1950ರಿಂದ 1953ರವರೆಗೆ ಆಗಿನ ಸರ್ಕಾರ ಸಾವಿರಾರು ಜನರನ್ನು ಮನೆಯಿಂದ ಎಬ್ಬಿಸಿ ತಂದು ಇಲ್ಲಿನ ಶಿಬಿರಗಳಲ್ಲಿ ಕೂಡಿಹಾಕಿ ದುಡಿಸಿತಂತೆ. ಮಕ್ಕಳು ಮುದುಕರು ಎಲ್ಲ ಕುರಿದೊಡ್ಡಿಗಳಲ್ಲಿ ಮಲಗಬೇಕಿತ್ತು. ಅದನ್ನು ಹೇಳುವಾಗ ನಮ್ಮ ಜೊತೆಗಿದ್ದ ಹುಡುಗಿಯ ದನಿ ಸಣ್ಣದಾಯಿತು. ನಾವೂ ಏನೂ ಕೇಳಲಿಲ್ಲ.

ಸಂಜೆ ಒಂಬತ್ತು ಕಮಾನಿನ ಹಳೇ ಕಲ್ಲು ಸೇತುವೆ ಹತ್ತಿರ ನಿಲ್ಲಿಸಿದರು. 1833ರಲ್ಲಿ ಕಟ್ಟಿ ಮುಗಿಸಿದ್ದು. ಅದರ ಪಕ್ಕದ ಬಯಲಿನಲ್ಲಿ ಪ್ರತಿ ಆಗಸ್ಟ್‌ನಲ್ಲಿ ಜಾತ್ರೆ ಸೇರುತ್ತೆ. ಸಿದ್ಧಗಂಗೆ ದನದ ಜಾತ್ರೆಗೆ ನೀವು ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿಸಿದ್ದು ಜ್ಞಾಪಕ ಬಂತು. ಅಕ್ಟೋಬರಿನಲ್ಲಿ ಇಲ್ಲಿಗೆ ಲಕ್ಷಕ್ಕೂ ಹೆಚ್ಚು ಕ್ರೌಂಚ ಪಕ್ಷಿಗಳು ಬಂದಿಳಿಯುತ್ತವೆ. ಗುಂಪು ಗುಂಪಾಗಿ ಕೂಗುತ್ತಾ ಹೋದವು, ಫೋಟೋ ಅಪ್ಪನಿಗೆ ಕಳಿಸಿದ್ದೇನೆ.

ತಾತ, ಈಗ ನನ್ನದೊಂದು ಬೇಡಿಕೆ. ಆ ವಯಸ್ಸಾದ ಚಿಕೋಶ್‌ಗೆ ಗೊತ್ತಿರೋದನ್ನು ಪಕ್ಕದಲ್ಲಿ ನಿಂತು ಕಲಿಯೋಕೆ ಅಲ್ಲಿ ಇಬ್ಬರು ಹುಡುಗರಿದ್ದರು. ನಿಮಗೆ ಗೊತ್ತಿರೋದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಭಾನುವಾರ ಬಿಡುವಿದ್ದಾಗ ಅಪ್ಪ ಫೋನ್ ಹಿಡಿದುಕೊಂಡು ಕೂರಲಿ, ನೀವು ಹೇಳುತ್ತಾ ಹೋಗಿ, ಅವರು ರೆಕಾರ್ಡ್ ಮಾಡಿ ಕಳಿಸಲಿ. ಹೊಸ ಮರಿಗೆ ಮೊದಲ ಸಲ ಹಗ್ಗ ಹಾಕೋದು ಹೇಗೆ? ಮನುಷ್ಯರ ವಾಸನೆಗೆ ಬೆದರುವ ಕುದುರೆಯನ್ನು ಒಲಿಸಿಕೊಳ್ಳೋಕೆ ಏನು ಮಾಡುತ್ತಿದ್ದಿರಿ? ಹೊಟ್ಟೆಶೂಲೆ ಬಂದ ಕುದುರೆಯನ್ನು ರಾತ್ರಿಯೆಲ್ಲ ನಡೆಸಿದೆ ಅಂತ ಹೇಳಿದ್ದಿರಿ, ಅದನ್ನು ಪೂರ್ತಿ ಹೇಳಿ. ಯಾವ ಹುರುಳಿ, ಎಷ್ಟು ನೆನೆಹಾಕಬೇಕು, ಮಾಲೀಸು ಎಲ್ಲಿಂದ ಶುರು ಮಾಡಬೇಕು, ಎಲ್ಲ ಬೇಕು ನನಗೆ. ಬರುವ ವಸಂತದಲ್ಲಿ ಮರಿ ಹಾಕುವ ಹೊತ್ತಿಗೆ ಮತ್ತೆ ಅಲ್ಲಿಗೆ ಹೋಗುವ ಮನಸ್ಸಿದೆ. ಅಷ್ಟರಲ್ಲಿ ನಿಮ್ಮ ಮಾತನ್ನು ಇಂಗ್ಲಿಷಿಗೆ ಮಾಡಿ ಅವರಿಗೂ ಕೊಡುತ್ತೇನೆ ಅಂತ ಹೇಳಿ ಬಂದಿದ್ದೇನೆ.

ದೀಪಾವಳಿಗೆ ಬರೋಕೆ ಆಗೋದಿಲ್ಲ, ಪರೀಕ್ಷೆ ಹತ್ತಿರ. ಅಜ್ಜಿಗೆ ಮಾತ್ರೆ ತಪ್ಪಿಸಬೇಡಿ ಅಂತ ಹೇಳಿ. ನೀವೂ ಬೆಳಗಿನ ಮಂಜಿನಲ್ಲಿ ತಲೆಗೆ ಮಫ್ಲರ್ ಇಲ್ಲದೆ ಕೆರೆ ಕಡೆ ಹೋಗಬೇಡಿ.

ನಿಮ್ಮ ಪ್ರೀತಿಯ ಮೊಮ್ಮಗಳು,
ಪುಟ್ಟಿ