ಸರ್ಕಲ್‌ಗೆ ನಮ್ಮಪ್ಪನ ಹೆಸರು ಬೇಡ ಸರ್: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ,

ನಮ್ಮೂರ ಗ್ಯಾರೇಜ್ ಹುಡುಗರು ಹೋದ ವಾರ ನಿಮಗೆ ಮನವಿ ಕೊಟ್ಟಿದಾರಂತೆ, ಬಸ್ ಸ್ಟ್ಯಾಂಡ್ ಮುಂದಿನ ಸರ್ಕಲ್‌ಗೆ ನಮ್ಮಪ್ಪನ ಹೆಸರಿಡಿ ಅಂತ. ಪಾಪ ಪ್ರೀತಿಯಿಂದ ಮಾಡಿದಾರೆ, ಅವರಲ್ಲಿ ಅರ್ಧ ಜನ ಅಪ್ಪನ ಕೈಲಿ ತಲೆ ಮೇಲೆ ಮೊಟಕಿಸ್ಕೊಂಡೇ ಕೆಲಸ ಕಲಿತವರು. ಆದ್ರೂ ಮಗಳಾಗಿ ಹೇಳ್ತಿದೀನಿ, ಬೇಡ ಸರ್. ಹೆಸರಿನ ಬೋರ್ಡ್ ಹಾಕಿದ ಆರು ತಿಂಗಳಿಗೆ ಅದರ ಮೇಲೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಬಂದು ಕೂತಿರತ್ತೆ, ಪಕ್ಷ ಯಾವುದಾದ್ರೂ ಆಗ್ಲಿ, ಎಲ್ಲಾ ಊರಲ್ಲೂ ಇದೇ ಕಥೆ. ಅದರ ಬದಲು ಬೇರೆ ಒಂದು ಕೇಳ್ತೀನಿ. ಕೇಳೋಕೆ ಮುಂಚೆ ಅಪ್ಪನ ಬಗ್ಗೆ ಸ್ವಲ್ಪ ಹೇಳ್ಬೇಕು, ಓದೋಷ್ಟು ಟೈಮ್ ಮಾಡ್ಕೊಳಿ.

1969ರಲ್ಲಿ ಅಪ್ಪ ಮಿಲಿಟರಿಗೆ ಸೇರಿದ್ದು ಇಎಂಇಗೆ, ಅಂದ್ರೆ ಸೈನ್ಯದ ಲಾರಿ ಟ್ಯಾಂಕು ಬಂದೂಕು ಎಲ್ಲಾ ರಿಪೇರಿ ಮಾಡೋ ವಿಭಾಗ. ಸಿಕಂದರಾಬಾದಲ್ಲಿ ಟ್ರೈನಿಂಗ್. 71ರ ಡಿಸೆಂಬರಲ್ಲಿ ಯುದ್ಧ ಶುರುವಾದಾಗ ರಾಜಸ್ಥಾನದ ಮರಳಲ್ಲಿ ಇದ್ರು. ಯುದ್ಧದ ಕಥೆ ಹೇಳಿ ಅಂತ ನಾವು ಎಷ್ಟು ಪೀಡಿಸಿದ್ರೂ ಅವರು ಹೇಳ್ತಿದ್ದಿದ್ದು ಏರ್ ಫಿಲ್ಟರ್ ಕಥೆನೇ, ಮರಳು ಎಲ್ಲೆಲ್ಲಿ ಹೋಗತ್ತೆ, ರಾತ್ರಿ ಲೈಟ್ ಹಾಕೋ ಹಾಗಿಲ್ಲ ಅಂತ ಟಾರ್ಚಿಗೆ ಬಟ್ಟೆ ಸುತ್ತಿ ಬೆರಳಲ್ಲೇ ನಟ್ಟು ಹುಡುಕಿದ್ದು ಹೇಗೆ, ಜಬಲ್ಪುರದಲ್ಲಿ ಮಾಡ್ತಿದ್ದ ಶಕ್ತಿಮಾನ್ ಲಾರಿ ಎಂಥಾ ಗಟ್ಟಿ ಗಾಡಿ, ಇಂಥವೇ. ಗುಂಡು ಹಾರಿದ್ದು ಕೇಳಿದ್ರೆ "ಹೂಂ ಹಾರ್ತಿತ್ತು" ಅಷ್ಟೇ. ಆಮೇಲೆ ಲಡಾಖ್ ಕಡೆ, ಬೆಳಗ್ಗೆ ಡೀಸೆಲ್ ತುಪ್ಪದ ಹಾಗೆ ಗಟ್ಟಿಯಾಗಿ ಇಂಜಿನ್ ಏಳ್ತಿರಲಿಲ್ವಂತೆ, ಕೆಳಗೆ ಸ್ಟವ್ ಹಚ್ಚಿಟ್ಟು ಬಿಸಿ ಮಾಡ್ಬೇಕು. ಅಮ್ಮನಿಗೆ ಬರೆದ ಇನ್‌ಲ್ಯಾಂಡ್ ಲೆಟರ್‌ಗಳು ಇನ್ನೂ ಟ್ರಂಕಲ್ಲಿವೆ, ಒಂದೊಂದರ ಮೂಲೆಲೂ ಗ್ರೀಸಿನ ಹೆಬ್ಬೆಟ್ಟಿನ ಗುರುತು. ನನಗೆ ನಾಲ್ಕು ವರ್ಷ ಆಗೋವರೆಗೂ ಅಪ್ಪ ಅಂದ್ರೆ ಆ ವಾಸನೆನೇ.

86ರಲ್ಲಿ ಹವಾಲ್ದಾರ್ ಆಗಿ ಪೆನ್ಷನ್ ತಗೊಂಡು ಬಂದು ಹೈವೇ ಪಕ್ಕ ಗ್ಯಾರೇಜ್ ಹಾಕಿದ್ರು. ಶಟರ್ ಮೇಲೆ ಇಎಂಇಯ ಧ್ಯೇಯವಾಕ್ಯ, ಕರ್ಮ ಹೀ ಧರ್ಮ ಅಂತ ಬರೆಸಿದ್ರು, ಪೇಂಟರ್ ಹೀ ಬಿಟ್ಟು ಕರ್ಮ ಧರ್ಮ ಅಂತ ಬರೆದುಬಿಟ್ಟ, ಹಾಗೇ ಇತ್ತು ಮೂವತ್ತು ವರ್ಷ.

ಶಿರಾಡಿ ಘಾಟಿ ನಿಮಗೆ ನಾನು ಹೇಳಿಕೊಡ್ಬೇಕಾಗಿಲ್ಲ. ಸುಮಾರು 26 ಕಿಲೋಮೀಟರ್, ಮಂಗಳೂರು ಬಂದರಿನ ಸರಕು ಲಾರಿಗಳು ಹೆಚ್ಚಾಗಿ ಅದೇ ದಾರಿಲಿ ಮೇಲೆ ಬರೋದು. ಈಗ ಕಾಂಕ್ರೀಟ್ ಆಗಿದೆ, 2015ರಲ್ಲಿ ಅರ್ಧ, 2018ರಲ್ಲಿ ಇನ್ನರ್ಧ. ಅಪ್ಪ ಗ್ಯಾರೇಜ್ ಹಾಕಿದ ಕಾಲದಲ್ಲಿ ಗುಂಡಿನೇ ರೋಡು. ಈಗ ಹೈವೇಲಿ ಏನಾದ್ರೂ ಆದ್ರೆ 1033 ಅಂತ ನಂಬರ್ ಇದೆ, ಆಗ ಅಪ್ಪನೇ 1033. ರಾತ್ರಿ ಯಾವುದೋ ಲಾರಿ ಕ್ಲೀನರ್ ಇನ್ನೊಂದು ಲಾರಿ ಹತ್ತಿ ಬಂದು ಬಾಗಿಲು ಬಡಿಯೋನು, ಆಕ್ಸಲ್ ಕಟ್ಟಾಗಿದೆ, ಪ್ಲೇಟ್ ಮುರಿದಿದೆ ಅಂತ. ಅಪ್ಪ ಮೈಸೂರಲ್ಲಿ ತಯಾರಾದ ತಮ್ಮ ಯೆಜ್ಡಿ ಬೈಕಿಗೆ ಟೂಲ್ ಚೀಲ ಕಟ್ಟಿ ಹೊರಟುಬಿಡೋರು. ಆ ಗಾಡಿ ಗೊತ್ತಲ್ಲ, ಕಿಕ್ಕರ್ರೇ ಗೇರ್ ಲಿವರ್ರು, ಒದ್ದು ಸ್ಟಾರ್ಟ್ ಮಾಡಿ ಅದನ್ನೇ ಮುಂದಕ್ಕೆ ಮಗುಚಿ ಗೇರ್ ಹಾಕೋದು.

ನನಗೆ ಹನ್ನೆರಡು ಇರುವಾಗ ಒಂದ್ಸಲ ಹಠ ಮಾಡಿ ಹಿಂದೆ ಕೂತೆ. ಮಳೆ ಅಂದ್ರೆ ಮಳೆ. ಹೆಂಚು ತುಂಬಿದ ಲಾರಿ ಒಂದು ತಿರುವಲ್ಲಿ ನಿಂತಿತ್ತು, ಹಿಂದಿನ ಚಕ್ರಕ್ಕೆ ಎರಡು ದೊಡ್ಡ ಕಲ್ಲು ಕೊಟ್ಟಿದ್ರು, ಇನ್ನೂ ಹಿಂದೆ ರೋಡಿಗೆ ಮರದ ಸೊಪ್ಪು ಹಾಕಿದ್ರು, ಅಷ್ಟೇ ಸಿಗ್ನಲ್ಲು. ನನ್ನ ಕೆಲಸ ಟಾರ್ಚ್ ಹಿಡಿಯೋದು. ಅಪ್ಪ ಲಾರಿ ಕೆಳಗೆ ಮಲಗಿದ್ರೆ ಬೆನ್ನಡಿಲಿ ನೀರು ಹರೀತಿತ್ತು, ನನ್ನ ಕೈ ನಡುಗಿದಾಗೆಲ್ಲಾ ಒಳಗಿಂದ ಬೈಗುಳ ಬರ್ತಿತ್ತು. ಮುಗಿಯೋಷ್ಟರಲ್ಲಿ ಬೆಳಗಿನ ಜಾವ. ಲಾರಿ ಹೊರಟ ಮೇಲೆ ನಾವೂ ಹೊರಡ್ತೀವಿ ಅನ್ಕೊಂಡ್ರೆ ಅಪ್ಪ ಹೊರಡಲೇ ಇಲ್ಲ, ಆ ಎರಡು ಕಲ್ಲನ್ನ ಒಂದೊಂದೇ ಉರುಳಿಸ್ಕೊಂಡು ಹೋಗಿ ಚರಂಡಿ ಆಚೆ ಹಾಕಿ, ಸೊಪ್ಪನ್ನೂ ಎಳೆದು ಹಾಕಿ, ಆಮೇಲೆ ಬಂದ್ರು. ಯಾಕೆ ಅಂತ ಕೇಳಿದ್ದಕ್ಕೆ ಉತ್ತರ ಕೊಡ್ಲಿಲ್ಲ. ಎಷ್ಟೋ ವರ್ಷ ಆದ್ಮೇಲೆ ಅಮ್ಮ ಹೇಳಿದ್ದು, ಗ್ಯಾರೇಜ್ ಶುರುವಾದ ಹೊಸದರಲ್ಲಿ ಅಪ್ಪ ರಿಪೇರಿ ಮಾಡಿ ಕಳಿಸಿದ ಲಾರಿಯ ಕಲ್ಲು ರೋಡಲ್ಲೇ ಉಳಿದು, ಅವತ್ತೇ ಸಂಜೆ ಒಬ್ಬ ಬೈಕ್ ಹುಡುಗ ಅದಕ್ಕೆ ಹೊಡೆದು ಸತ್ತೋದ ಅಂತ. ಯುದ್ಧದ ಬಗ್ಗೆ ಹೇಳದೇ ಇದ್ದಷ್ಟೇ ಇದರ ಬಗ್ಗೆನೂ ಅವರು ಹೇಳ್ತಿರಲಿಲ್ಲ.

ಆಮೇಲಿಂದ ಹಲಸಿನ ಮರದ ತುಂಡುಗಳನ್ನ ಓರೆಯಾಗಿ ಕೊಯ್ಸಿ, ಹಗ್ಗ ಪೋಣಿಸಿ, ರಿಪೇರಿಗೆ ಬಂದ ಪ್ರತಿ ಲಾರಿಗೂ ಎರಡೆರಡು ಪುಕ್ಕಟೆ ಕೊಡ್ತಿದ್ರು, ಕಲ್ಲು ಬೇಡ ಇದನ್ನ ಕೊಡು, ಹಗ್ಗ ಲಾರಿಗೆ ಕಟ್ಟಿಟ್ಕೋ, ಮರೆತು ಹೋದ್ರೂ ಅದು ಜೊತೆಗೇ ಬರತ್ತೆ ಅಂತ. ಹುಡುಗರು ರೋಡಿಂದ ವಾಪಸ್ ಬಂದ್ರೆ ದುಡ್ಡು ಎಷ್ಟು ಕೊಟ್ಟ ಅಂತ ಕೇಳ್ತಿರಲಿಲ್ಲ, "ಕಲ್ಲು ತೆಗೆದ್ಯೇನೋ?" ಅಂತಲೇ ಕೇಳೋದು.

ಬರೀ ಗಂಭೀರ ಮನುಷ್ಯ ಅನ್ಕೋಬೇಡಿ. ಅರವತ್ತು ತುಂಬಿದ ವರ್ಷ ಅಮ್ಮನ್ನ ಯೆಜ್ಡಿ ಮೇಲೆ ಕೂರಿಸ್ಕೊಂಡು ಕನ್ಯಾಕುಮಾರಿಗೆ ಹೊರಟ್ರು. ಮಧುರೈನಲ್ಲಿ ಅಮ್ಮ ಸೊಂಟ ಹಿಡ್ಕೊಂಡು ಇಳಿದು, ಇನ್ನು ಮುಂದೆ ನಾನು ಬಸ್ಸಲ್ಲೇ ಬರೋದು ಅಂದ್ಲು. ಸರಿ ಅಂತ ಅಪ್ಪ ಬಸ್ ಹತ್ತಿಸಿ ಅದರ ಹಿಂದೆನೇ ಬೈಕಲ್ಲಿ ಹೋದ್ರು, ಬಸ್ ನಿಂತಲ್ಲೆಲ್ಲಾ ಕಿಟಕಿ ಹತ್ರ ಬಂದು ಕಾಫಿ ಬೇಕಾ ಅಂತ ಕೇಳೋದಂತೆ, ಬಸ್ಸಲ್ಲಿದ್ದವರೆಲ್ಲಾ ನಗೋರಂತೆ. ಈಗ ಅಮ್ಮ ಇದನ್ನ ದಿನಕ್ಕೊಂದ್ಸಲ ಹೇಳ್ತಾಳೆ.

ಈಗ ನಾನು ಕೇಳೋದು. ಘಾಟಿ ಇಳಿಯೋಕೆ ಶುರುವಾಗೋ ಕಡೆ, ಲಾರಿಗಳು ಬ್ರೇಕ್ ನೋಡ್ಕೊಳೋಕೆ ಹೇಗೂ ನಿಲ್ತಾವಲ್ಲ, ಅಲ್ಲಿ ಒಂದು ತಗಡಿನ ಶೆಡ್, ಒಂದು ದೊಡ್ಡ ಲೈಟು, ಒಂದು ನಲ್ಲಿ. ಶೆಡ್ಡಲ್ಲಿ ಒಂದೈವತ್ತು ಜೊತೆ ಹಗ್ಗ ಕಟ್ಟಿದ ಮರದ ತುಂಡು, ರೋಡಿಗೆ ಇಡೋಕೆ ರಿಫ್ಲೆಕ್ಟರ್ ತ್ರಿಕೋನ, ರಾತ್ರಿ ಪಾಳಿಗೆ ಒಬ್ಬ ಮೆಕ್ಯಾನಿಕ್. ನ್ಯಾಷನಲ್ ಹೈವೇ, ಅದು ಕೇಂದ್ರದ್ದು ಅಂತೀರಿ, ಗೊತ್ತು ಸರ್. ಶೆಡ್ ರೋಡಿನ ಮೇಲೆ ಬೇಡ, ಪಕ್ಕದಲ್ಲಿ ಇರೋ ಸರ್ಕಾರಿ ಜಾಗದಲ್ಲಿ ಸಾಕು, ಶಾಸಕರ ನಿಧಿಲಿ ಆಗೋವಂಥ ಕೆಲಸ, ಹೈವೇಯವರ ಪರ್ಮಿಷನ್‌ಗೆ ನಿಮ್ಮದೊಂದು ಪತ್ರ ಸಾಕು ಅನ್ಸತ್ತೆ. ಮರದ ತುಂಡಿನ ಖರ್ಚು ನಮ್ಮದು, ಹಿತ್ತಲಲ್ಲಿ ಅಪ್ಪ ಕೊಯ್ಸಿಟ್ಟ ಹಲಸು ಇನ್ನೂ ಇದೆ. ರಾತ್ರಿ ಪಾಳಿಗೆ ಹುಡುಗರು ಸರದಿ ಮೇಲೆ ಬರ್ತೀವಿ ಅಂದಿದಾರೆ. ಶೆಡ್ಡಿಗೆ ಯಾರ ಹೆಸರೂ ಬೇಡ, ನಿಮ್ಮದೂ ಬೇಡ, ಬೇಜಾರು ಮಾಡ್ಕೋಬೇಡಿ.

ಸರ್ಕಲ್ ಮನವಿ ವಾಪಸ್ ತಗೊಳಿ ಅಂತ ಹುಡುಗರಿಗೆ ನಾನೇ ಹೇಳ್ತೀನಿ. ನೀವು ಆ ಕಡೆ ಹೋಗುವಾಗ ಒಂದು ಫೋನ್ ಮಾಡ್ಸಿ, ಬಂದು ಜಾಗ ತೋರಿಸ್ತೀನಿ. ಬೆಳಗ್ಗೆ ಹೊತ್ತು ಬೇಡ, ರಾತ್ರಿ ಹತ್ತರ ಮೇಲೆ ಬನ್ನಿ, ಮಳೆ ಇದ್ರೆ ಇನ್ನೂ ಒಳ್ಳೇದು.

ಇಂತಿ,
ಹೈವೇ ಗ್ಯಾರೇಜಿನ ಹವಾಲ್ದಾರರ ಮಗಳು