ರೇಷ್ಮೆ ಪರದೆ, ದಿಂಬು: ‘ಪರಿಸರಸ್ನೇಹಿ’ ಎನ್ನಲು ಏನೇನು ಬೇಕು?

ಮಾನ್ಯ ಸಂಪಾದಕರೇ,

ಕೈಯಿಂದ ತಯಾರಿಸಿದ ರೇಷ್ಮೆ ಪರದೆ, ದಿಂಬಿನ ಕವರ್, ಟೇಬಲ್ ರನ್ನರ್, ಹೊದಿಕೆಗಳ ಸಣ್ಣ ಉದ್ದಿಮೆ ಶುರು ಮಾಡುವವರಿಗೆ ಸಲಹೆ ಕೊಡುವ ಬರಹಗಳು ಈಚೆಗೆ ಹೆಚ್ಚುತ್ತಿವೆ. ಬಹುಪಾಲು ಬರಹಗಳು ವಿನ್ಯಾಸ, ಫೋಟೊ, ಆನ್‌ಲೈನ್ ಮಾರಾಟದಲ್ಲೇ ಮುಗಿದುಹೋಗುತ್ತವೆ. ‘ಪರಿಸರಸ್ನೇಹಿ’ ಎಂಬ ಪದ ಮಾತ್ರ ಎಲ್ಲದರಲ್ಲೂ ಇರುತ್ತದೆ. ಇದೇ ಕೆಲಸ ಮಾಡುವ ನಾವು ಹೇಳಬೇಕಾದ್ದು ಇಷ್ಟು: ಎರಡು ವರ್ಷಕ್ಕೆ ಬಿಸಿಲಿಗೆ ಪಿಸಿಯುವ ಪರದೆ, ಆರು ತಿಂಗಳಿಗೆ ಹೊಲಿಗೆ ಬಿಡುವ ದಿಂಬು ಎಂಥ ನೈಸರ್ಗಿಕ ಬಣ್ಣದ್ದಾದರೂ ಪರಿಸರಸ್ನೇಹಿಯಲ್ಲ. ಅದಕ್ಕೆ ಹೋದ ಸೊಪ್ಪು, ನೀರು, ಉರುವಲು, ನೇಯ್ದವರ ದುಡಿಮೆ ಎಲ್ಲವೂ ಕಸದ ಪಾಲು. ಬಾಳಿಕೆ ತೀರ್ಮಾನವಾಗುವುದೆಲ್ಲ ಗಿರಾಕಿಯ ಕಣ್ಣಿಗೆ ಬೀಳದ ಕೆಲಸಗಳಲ್ಲಿ.

ಮೊದಲನೆಯದು ಅಂಟು ತೆಗೆಯುವ ಕೆಲಸ, ಅಂದರೆ ಡಿಗಮ್ಮಿಂಗ್. ಹಿಪ್ಪುನೇರಳೆ ರೇಷ್ಮೆಯ ಕಚ್ಚಾ ನೂಲಿನಲ್ಲಿ ಸುಮಾರು ಕಾಲುಭಾಗ ಸೆರಿಸಿನ್ ಎಂಬ ಅಂಟು. ಉಳಿದದ್ದು ಫೈಬ್ರೋಯಿನ್ ಎಂಬ ನಿಜವಾದ ಎಳೆ. ಒಂದು ಕಿಲೋ ಕಚ್ಚಾ ನೂಲು ಬೇಯಿಸಿದರೆ ಕೈಗೆ ಬರುವುದು ಮುಕ್ಕಾಲು ಕಿಲೋ. ಹೊಸಬರು ದರ ಕಟ್ಟುವಾಗ ಕಚ್ಚಾ ತೂಕವನ್ನೇ ಹಿಡಿದು ಲೆಕ್ಕ ಹಾಕುತ್ತಾರೆ. ನಷ್ಟ ಅಲ್ಲಿಂದಲೇ ಶುರು.

ಒಂದು ಕಿಲೋ ನೂಲಿಗೆ 30 ಲೀಟರ್ ಮೆದುನೀರು, ಲೀಟರಿಗೆ 5ರಿಂದ 7 ಗ್ರಾಂ ಒಳ್ಳೆಯ ಸಾಬೂನು, 1 ಗ್ರಾಂ ವಾಷಿಂಗ್ ಸೋಡಾ ಸಾಕು. 90ರಿಂದ 95 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 45 ನಿಮಿಷದಿಂದ ಒಂದು ಗಂಟೆ ಇಡಬೇಕು. ನೀರು ಕೊತಕೊತ ಕುದಿಯಬಾರದು. ಕುದಿತದಲ್ಲಿ ಲಡಿಗಳು (ನೂಲಿನ ಸುರುಳಿಕಟ್ಟುಗಳು) ಒಂದಕ್ಕೊಂದು ಉಜ್ಜಿಕೊಂಡು ಎಳೆ ಏಳುತ್ತದೆ. ಪಿಎಚ್ (ಹುಳಿ-ಕ್ಷಾರದ ಅಳತೆ) 9.5ರಿಂದ 10ರ ನಡುವೆ ಇರಲಿ. ಅದನ್ನು ದಾಟಿದರೆ ಅಂಟಿನ ಜೊತೆಗೆ ಎಳೆಯೂ ಸವೆಯುತ್ತದೆ. ಬೇಗ ಆಗಲೆಂದು ಕಾಸ್ಟಿಕ್ ಸೋಡಾ ಹಾಕುವವರಿದ್ದಾರೆ. ಅಂಥ ನೂಲು ಅಂದೇನೋ ಬೆಳ್ಳಗೆ ಕಾಣುತ್ತದೆ, ಮಗ್ಗಕ್ಕೆ ಏರಿಸಿದಾಗ ಪಟಪಟ ಹರಿಯುತ್ತದೆ. ಬರೀ ಅಂಟುವಾಳದ ನೀರಲ್ಲಿ ಬೇಯಿಸಿದರೆ ಅಂಟು ಹೋಗುತ್ತದೆ ಎಂಬ ಸಲಹೆಯೂ ಓಡಾಡುತ್ತಿದೆ. ಅಂಟುವಾಳದ ರಸಕ್ಕೆ ನೊರೆ ಇದೆ, ಕ್ಷಾರವಿಲ್ಲ; ಸೋಡಾ ಸೇರದೆ ಅದರಿಂದ ಈ ಕೆಲಸ ಆಗದು.

ಬೆಂದ ಮೇಲೆ ಮೊದಲ ಜಾಲಾಟ ಬಿಸಿನೀರಲ್ಲೇ ಆಗಬೇಕು, ಸುಮಾರು 60 ಡಿಗ್ರಿಯಲ್ಲಿ. ನೇರ ತಣ್ಣೀರಿಗೆ ಹಾಕಿದರೆ ಬಿಟ್ಟುಬಂದ ಅಂಟು ಮತ್ತೆ ಎಳೆಗೆ ಕೂರುತ್ತದೆ. ಗಡಸು ನೀರಾದರೆ ಸಾಬೂನು ಸುಣ್ಣದಂಶದೊಂದಿಗೆ ಸೇರಿ ಜಿಗುಟಾದ ಗಸಿಯಾಗಿ ಅಂಟಿಕೊಳ್ಳುತ್ತದೆ, ಆಮೇಲೆ ಅಲ್ಲೆಲ್ಲ ಬಣ್ಣ ಮಚ್ಚೆ ಮಚ್ಚೆಯಾಗುತ್ತದೆ. ಮಳೆನೀರು ಹಿಡಿದಿಟ್ಟುಕೊಂಡ ಘಟಕಕ್ಕೆ ಈ ತಾಪತ್ರಯವೇ ಇಲ್ಲ. ಬೇಯಿಸುವ ಮುಂಚೆ, ಒಣಗಿದ ನಂತರ ಎರಡು ಸಲ ತೂಗುವುದನ್ನು ತಪ್ಪಿಸಬಾರದು. ನೂರಕ್ಕೆ 18ರಷ್ಟೇ ಇಳಿದಿದ್ದರೆ ಅಂಟು ಉಳಿದಿದೆ. 28 ದಾಟಿದ್ದರೆ ಎಳೆಗೇ ಪೆಟ್ಟಾಗಿರುವ ಅನುಮಾನ.

ಲಡಿಯ ಕಟ್ಟುದಾರವನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ದಾರ ಬಿಗಿಯಾಗಿದ್ದರೆ ಅದರಡಿಯ ಎರಡು ಮೂರು ಮಿಲಿಮೀಟರ್ ಜಾಗಕ್ಕೆ ಸಾಬೂನು ನೀರು ಇಳಿಯುವುದಿಲ್ಲ. ಅಂಟು ಅಲ್ಲೇ ಉಳಿಯುತ್ತದೆ, ಬಣ್ಣ ಹಿಡಿಯುವುದಿಲ್ಲ. ಲಡಿಯಲ್ಲಿ ಅದು ಲೆಕ್ಕಕ್ಕೇ ಬರದ ಚುಕ್ಕೆ. ಹೊಕ್ಕಿಗೆ (ಅಡ್ಡ ಎಳೆಗೆ) ಹಾಕಿ ನೇಯ್ದಾಗ ಅದೇ ಚುಕ್ಕೆ ಲಡಿಯ ಒಂದೊಂದು ಸುತ್ತಿಗೂ ಒಂದರಂತೆ ತೇಲಿಬಂದು, ಇಡೀ ಪರದೆಯ ಮೇಲೆ ಬಿಳಿ ಗೀರುಗಳು ಓರೆ ಸಾಲಾಗಿ ಕಾಣುತ್ತವೆ. ನೇಯ್ದ ಮೇಲೆ ಅದಕ್ಕೆ ಮದ್ದಿಲ್ಲ. ಲಡಿಯನ್ನು ನಾಲ್ಕು ಭಾಗ ಮಾಡಿ, ಎಂಟರ ಆಕಾರದಲ್ಲಿ, ಬೆರಳು ತೂರುವಷ್ಟು ಸಡಿಲವಾಗಿ ಹತ್ತಿ ದಾರದಿಂದ ಕಟ್ಟಬೇಕು. ಬೇಯುವಾಗ ಎರಡು ಮೂರು ಸಲ ಕಟ್ಟನ್ನು ಸರಿಸಬೇಕು.

ಇನ್ನು ಆ ಬೇಯಿಸಿದ ನೀರು. ಸೆರಿಸಿನ್ ಪ್ರೋಟೀನು, ಸಾಬೂನು ಕೊಬ್ಬು. ಎರಡೂ ಕೊಳೆಯುವಾಗ ನೀರಿನ ಆಮ್ಲಜನಕವನ್ನು ಹೀರಿಬಿಡುತ್ತವೆ. ಚರಂಡಿಗೆ ಬಿಟ್ಟು ‘ಸಾಬೂನು ನೀರು ತಾನೇ’ ಎಂದರೆ ಕೆರೆಯ ಮೀನು ಒಪ್ಪದು. ದುಬಾರಿ ಯಂತ್ರವೇನೂ ಬೇಡ. ತೊಟ್ಟಿಯಲ್ಲಿ ತಣಿಸಿ, ವಿನೆಗರ್ ಅಥವಾ ಸಿಟ್ರಿಕ್ ಆಮ್ಲದಿಂದ ಪಿಎಚ್ಚನ್ನು 4ರ ಆಸುಪಾಸಿಗೆ ತಂದರೆ ಸೆರಿಸಿನ್ನಿನ ಬಹುಭಾಗ ಒಡೆದು ತಳಕ್ಕಿಳಿಯುತ್ತದೆ, ಸಾಬೂನಿನ ಕೊಬ್ಬು ಮೇಲೆ ತೇಲುತ್ತದೆ. ಬಟ್ಟೆಯಲ್ಲಿ ಸೋಸಿ, ತಿಳಿಯನ್ನು ಸುಣ್ಣದಿಂದ 7ಕ್ಕೆ ತಂದು, ಜೊಂಡು ಬೆಳೆದ ಇಂಗುಗುಂಡಿಗೆ ಬಿಡಬಹುದು. ತಳದ ಗಸಿಯಲ್ಲಿ ಸಾರಜನಕ ಇರುವುದರಿಂದ ಅದು ಒಣ ಎಲೆಯ ಜೊತೆ ಗೊಬ್ಬರದ ಗುಂಡಿಗೆ ಹೋಗಲಿ. ‘ನಿಮ್ಮ ಬೇಯಿಸಿದ ನೀರು ಎಲ್ಲಿಗೆ ಹೋಗುತ್ತದೆ?’ ಎಂಬ ಪ್ರಶ್ನೆಗೆ ತಡವರಿಸದೆ ಉತ್ತರಿಸುವ ಘಟಕವೇ ಪರಿಸರಸ್ನೇಹಿ ಎಂಬ ಪದಕ್ಕೆ ಅರ್ಹ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಬಣ್ಣದ ವಿಷಯಕ್ಕೆ ಬಂದರೆ, ‘ನೈಸರ್ಗಿಕ’ ಎಂದಾಕ್ಷಣ ನಿರಪಾಯಕಾರಿ ಎಂದು ಭಾವಿಸುವುದು ತಪ್ಪು. ಬಣ್ಣ ಸಸ್ಯದ್ದೇ ಇರಬಹುದು, ಅದನ್ನು ಎಳೆಗೆ ಕಚ್ಚಿಸುವ ಲವಣ ಯಾವುದು? ಪೊಟ್ಯಾಸಿಯಂ ಡೈಕ್ರೋಮೇಟ್ ಹಾಕಿದ್ದರೆ ಅದು ಕ್ಯಾನ್ಸರ್‌ಕಾರಕ. ಮೈಲುತುತ್ತ ಜಲಚರಗಳಿಗೆ ವಿಷ. ಪಟಿಕವೊಂದರಲ್ಲೇ ಮುಕ್ಕಾಲುಪಾಲು ಬಣ್ಣಗಳು ಸಾಧ್ಯ. ನೂಲಿನ ತೂಕದ ನೂರಕ್ಕೆ 10ರಿಂದ 15ರಷ್ಟು ಪಟಿಕವನ್ನು ಬಿಸಿನೀರಲ್ಲಿ ಕರಗಿಸಿ, ಉಗುರುಬೆಚ್ಚಗಾದ ಮೇಲೆ ನೂಲು ಮುಳುಗಿಸಿ, ರಾತ್ರಿಯಿಡೀ ಬಿಡಬೇಕು. ಕುದಿಸಿದರೆ ರೇಷ್ಮೆಯ ಹೊಳಪು ಸಾಯುತ್ತದೆ. ಪಟಿಕ ಹೆಚ್ಚಾದರೆ ನೂಲು ಅಂಟಂಟಾಗಿ ಒರಟಾಗುತ್ತದೆ. ಉಳಿದ ಪಟಿಕದ ನೀರನ್ನು ಚೆಲ್ಲದೆ, ಅರ್ಧದಷ್ಟು ಹೊಸ ಪಟಿಕ ಸೇರಿಸಿ ಮುಂದಿನ ಸರದಿಗೆ ಬಳಸಬಹುದು.

ಅನ್ನಭೇದಿ ಎಂಬ ಕಬ್ಬಿಣದ ಲವಣದ ಬಗ್ಗೆ ಮಾತ್ರ ಬಹಳ ಎಚ್ಚರ ಬೇಕು. ಅಳಲೆಕಾಯಿ ಅಥವಾ ದಾಳಿಂಬೆ ಸಿಪ್ಪೆಯ ಒಗರಿನ ಮೇಲೆ ಅನ್ನಭೇದಿ ಬಿದ್ದರೆ ಸೊಗಸಾದ ಬೂದು, ಕಪ್ಪು ಬರುತ್ತವೆ, ನಿಜ. ಆದರೆ ಕಬ್ಬಿಣ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಎಳೆಯನ್ನು ತಿನ್ನುತ್ತಲೇ ಇರುತ್ತದೆ. ವಸ್ತುಸಂಗ್ರಹಾಲಯಗಳ ಹಳೆಯ ರೇಷ್ಮೆಗಳಲ್ಲಿ ಕಬ್ಬಿಣದ ಕಪ್ಪು ಇದ್ದ ಭಾಗವೇ ಮೊದಲು ಉದುರುವುದು ಇದರಿಂದಲೇ. ಶೇಕಡ 2ಕ್ಕಿಂತ ಹೆಚ್ಚು ಬೇಡ. ಬಿಸಿಲಿಗೆ ಒಡ್ಡುವ ಪರದೆಗೆ ಅದೂ ಬೇಡ. ತೂಕಕ್ಕೆ ಆಸೆಪಟ್ಟರೂ ಇದೇ ಗತಿ. ಅಂಟು ಹೋಗಿ ಇಳಿದ ತೂಕವನ್ನು ತುಂಬಿಸಲೆಂದು 19ನೇ ಶತಮಾನದ ಕೊನೆಯಲ್ಲಿ ಯೂರೋಪಿನಲ್ಲಿ ರೇಷ್ಮೆಗೆ ತವರದ ಲವಣ ಕುಡಿಸುತ್ತಿದ್ದರು. ಆ ಬಟ್ಟೆಗಳು ಈಗ ಮುಟ್ಟಿದರೆ ಸೀಳುತ್ತವೆ. 

ಮಂಜಿಷ್ಠದ ಕೆಂಪು ಬೇಕಿದ್ದರೆ ಶಾಖ 70 ಡಿಗ್ರಿ ದಾಟದಿರಲಿ, ದಾಟಿದರೆ ಕಂದು ತಿರುಗುತ್ತದೆ. ಹತ್ತಿಗೆ ಬಳಸುವ ಸುಣ್ಣದ ನೀಲಿ ತೊಟ್ಟಿಗೆ ರೇಷ್ಮೆ ಇಳಿಸಬಾರದು, ಅದರ ಕ್ಷಾರ ರೇಷ್ಮೆಗೆ ತೀರಾ ಹೆಚ್ಚು. ಪಿಎಚ್ 9ರಿಂದ 9.5ಕ್ಕೆ ಇಳಿಸಿದ ತೊಟ್ಟಿ ಬೇಕು. ಗಾಢ ತೊಟ್ಟಿಯಲ್ಲಿ ಒಮ್ಮೆ ಅದ್ದುವುದಕ್ಕಿಂತ ತೆಳು ತೊಟ್ಟಿಯಲ್ಲಿ ಐದಾರು ಸಲ ಅದ್ದಿ, ಪ್ರತಿ ಸಲವೂ ಗಾಳಿಗೆ ಹಿಡಿದರೆ ನೀಲಿ ಒಳಗಿಳಿಯುತ್ತದೆ. ಇಲ್ಲವಾದರೆ ಮೇಲೆ ಕೂತ ಬಣ್ಣ ದಿಂಬಿಗೆ ಒರಗಿದವರ ಅಂಗಿಗೆ ಹತ್ತುತ್ತದೆ. ಅರಿಶಿನವನ್ನು ಪರದೆಗೆ ಬಳಸಲೇಬಾರದು. ಅಂಥ ಹಳದಿ ಬೇರೆಲ್ಲೂ ಸಿಗದು, ಬಿಸಿಲಿಗೆ ಅದರಷ್ಟು ಬೇಗ ಓಡಿಹೋಗುವುದೂ ಇನ್ನೊಂದಿಲ್ಲ.

ಕೆಲವರಿಗೆ ಒಪ್ಪಿಗೆಯಾಗದ ಮಾತೊಂದನ್ನು ಹೇಳಬೇಕಿದೆ. ಕಿಟಕಿಯ ಪರದೆಗೆ, ಲೋಹವಿಲ್ಲದ, ಪರೀಕ್ಷೆ ಮಾಡಿಸಿದ ಸಂಶ್ಲೇಷಿತ ಬಣ್ಣವನ್ನು ಹದವಾಗಿ ಬಳಸುವುದು ಹಲವು ಸಲ ಹೆಚ್ಚು ಹಸಿರು ದಾರಿ. ನೂಲಿನ ತೂಕದ ಶೇಕಡ 1ರಿಂದ 2ರಷ್ಟು ಬಣ್ಣ, ಒಂದೇ ತೊಟ್ಟಿ ನೀರು. ಹದ ತಿಳಿದು ಹಾಕಿದರೆ ಬಹುತೇಕ ಎಲ್ಲ ಬಣ್ಣವೂ ಎಳೆಗೇ ಹತ್ತಿ ನೀರು ತಿಳಿಯಾಗುತ್ತದೆ. ಕ್ಯಾನ್ಸರ್ ತರಬಲ್ಲ ನಿಷಿದ್ಧ ಅಮೀನು ಎಂಬ ರಾಸಾಯನಿಕಗಳನ್ನು ಬಿಡುವ ಅಜೊ ಬಣ್ಣ (ಸಂಶ್ಲೇಷಿತ ಬಣ್ಣಗಳ ಒಂದು ಗುಂಪು) ಅದರಲ್ಲಿಲ್ಲ ಎಂಬ ಪ್ರಯೋಗಾಲಯದ ವರದಿ ಕೈಲಿರಬೇಕು. ಯೂರೋಪ್ ಒಕ್ಕೂಟದಲ್ಲಿ ಇದರ ಮಿತಿ ಬಟ್ಟೆಯ ಕಿಲೋಗೆ 30 ಮಿಲಿಗ್ರಾಂ. ಯಾವುದನ್ನು ಬಳಸಿದರೂ ಮುಚ್ಚಿಡದಿದ್ದರೆ ಆಯಿತು.

ನೈಸರ್ಗಿಕ ನಾರುಗಳ ಪೈಕಿ ಬಿಸಿಲಿಗೆ ಬಹಳ ಬೇಗ ಸೋಲುವುದು ರೇಷ್ಮೆ. ಅತಿನೇರಳೆ ಕಿರಣ ಬಿದ್ದಲ್ಲಿ ಅದರ ಪ್ರೋಟೀನು ಕಡಿದು, ಮೊದಲು ಹಳದಿಗಟ್ಟಿ, ಆಮೇಲೆ ಮಡಿಕೆಯ ಅಂಚಿನಲ್ಲಿ ಉದ್ದಕ್ಕೆ ಸೀಳುತ್ತದೆ. ಆದ್ದರಿಂದ ಅಸ್ತರಿಲ್ಲದ ರೇಷ್ಮೆ ಪರದೆಯನ್ನು ಮಾರಲೇಬಾರದು. ಅಸ್ತರಿಗೆ ಒತ್ತಾದ ಹತ್ತಿ ಬಟ್ಟೆ ಸಾಕು. ಅದನ್ನು ಒಮ್ಮೆ ಬಿಸಿನೀರಲ್ಲಿ ತೊಳೆದು ಕುಗ್ಗಿಸಿಕೊಂಡ ಮೇಲೆಯೇ ಕತ್ತರಿಸಬೇಕು. ಮೇಲ್ಪಟ್ಟಿಯಲ್ಲಿ ಮಾತ್ರ ರೇಷ್ಮೆಗೆ ಜೋಡಿಸಿ, ಕೆಳಗೆ ಬಿಡಿಯಾಗಿ ಇಳಿಬಿಡಬೇಕು. ನಾಲ್ಕೂ ಕಡೆ ಸೇರಿಸಿ ಹೊಲಿದರೆ ಮೊದಲ ಒಗೆತಕ್ಕೆ ಹತ್ತಿ ಒಂದಷ್ಟು, ರೇಷ್ಮೆ ಇನ್ನೊಂದಷ್ಟು ಕುಗ್ಗಿ ಪರದೆ ಮುದುರಿಕೊಳ್ಳುತ್ತದೆ. ಬೆಳಕಿಗೆ ಬಣ್ಣ ನಿಲ್ಲುವುದನ್ನು ಐಎಸ್‌ಒ 105-ಬಿ02 ಎಂಬ ಅಂತರರಾಷ್ಟ್ರೀಯ ಮಾನಕದ ಪರೀಕ್ಷೆಯಲ್ಲಿ 1ರಿಂದ 8ರವರೆಗೆ (8 ಅತ್ಯುತ್ತಮ) ಅಳೆಯುತ್ತಾರೆ. ಪರದೆಗೆ 5 ಇರಬೇಕು, ದಿಂಬಿಗೆ 4 ನಡೆಯುತ್ತದೆ. ಪ್ರಯೋಗಾಲಯಕ್ಕೆ ಹೋಗುವ ಮುಂಚೆ ಘಟಕದಲ್ಲೇ ಒಂದು ಸೋಸುಪರೀಕ್ಷೆ ಮಾಡಬಹುದು: ತುಂಡಿನ ಅರ್ಧವನ್ನು ರಟ್ಟಿನಿಂದ ಮುಚ್ಚಿ, ಬಿಸಿಲು ಬೀಳುವ ಕಿಟಕಿಯಲ್ಲಿ ನಾಲ್ಕು ವಾರ ಇಟ್ಟು ರಟ್ಟು ತೆಗೆದು ನೋಡುವುದು. ಗೆರೆ ಎದ್ದು ಕಂಡರೆ ಆ ಬಣ್ಣ ಪರದೆಗಲ್ಲ.

ದಿಂಬಿನ ಕವರಿನಲ್ಲಿ ಸೋಲುವುದು ಹೊಲಿಗೆ. ಬಿಚ್ಚಾಣಿಕೆ ರೇಷ್ಮೆಯ (ಗೂಡಿನಿಂದ ಉದ್ದಕ್ಕೆ ಬಿಚ್ಚಿ ತೆಗೆದ ನೂಲಿನ) ನುಣುಪಾದ ಎಳೆ ಹೊಲಿಗೆಯ ಪಕ್ಕದಿಂದ ಜಾರಿಹೋಗುತ್ತದೆ. ದಾರ ಹರಿದಿರುವುದಿಲ್ಲ, ಬಟ್ಟೆಯೂ ಹರಿದಿರುವುದಿಲ್ಲ, ನಡುವೆ ಏಣಿಯಂಥ ಸಂದು ಬಿದ್ದಿರುತ್ತದೆ. ಒತ್ತು ಕಡಿಮೆಯಿರುವ ನೇಯ್ಗೆ, ಸ್ಯಾಟಿನ್ ನೇಯ್ಗೆಗಳಲ್ಲಿ ಇದು ಹೆಚ್ಚು. ಹಾಸಿನ ಉದ್ದ ಎಳೆಗೆ ಎರಡೆಳೆ ಹುರಿ, ಹೊಕ್ಕಿಗೆ ಚರಕದಲ್ಲಿ ನೂತ ಎರಿ ಎಂಬ ಬಗೆಯ ರೇಷ್ಮೆ ಹಾಕಿದ ಸಾದಾ ನೇಯ್ಗೆ ಈ ಕೆಲಸಕ್ಕೆ ಬಹಳ ಚೆನ್ನ. ಎರಿ ನೂಲಿನ ಸಣ್ಣ ರೋಮಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಅಂಚಿಗೆ 2 ಸೆಂಟಿಮೀಟರ್ ಬಿಟ್ಟು, ಸೆಂಟಿಮೀಟರಿಗೆ 4ರಿಂದ 5 ಹೊಲಿಗೆ ಬೀಳುವಂತೆ, 70ನೇ ನಂಬರಿನ ಚೂಪು ಸೂಜಿಯಲ್ಲಿ ಹೊಲಿದು, ಅಂಚು ಮಡಿಸಿ ಇನ್ನೊಮ್ಮೆ ಹೊಲಿಯಬೇಕು. ದಪ್ಪ ಕಾಣಲೆಂದು ಕವರಿಗಿಂತ 5 ಸೆಂಟಿಮೀಟರ್ ದೊಡ್ಡ ದಿಂಬನ್ನು ತುರುಕುವ ರೂಢಿ ಇದೆ. ರೇಷ್ಮೆಗೆ ಅದು ಸಲ್ಲದು, ಸರಿಸಮ ಅಳತೆಯದೇ ಇರಲಿ.

ಎರಿ ಗೂಡಿಗೆ ಒಂದು ತುದಿ ತೆರೆದೇ ಇರುವುದರಿಂದ ಪತಂಗ ಹೊರಹೋಗಬಲ್ಲದು ಎಂಬುದು ಸರಿ. ಅಷ್ಟಕ್ಕೇ ‘ಅಹಿಂಸಾ ರೇಷ್ಮೆ’ ಎಂದು ಬರೆದುಬಿಡುವುದು ಸರಿಯಲ್ಲ. ಪತಂಗ ಹೋದ ನಂತರವೇ ಗೂಡು ಕೊಂಡದ್ದು ಎಂಬ ಖರೀದಿ ದಾಖಲೆ ಬೇಕು.

ಕತ್ತರಿಯಲ್ಲಿ ಹೋಗುವ ನಷ್ಟವನ್ನು ಮಗ್ಗದಲ್ಲೇ ತಡೆಯಬಹುದು. ತೊಳೆದ ಮೇಲೆ ಪನ್ನ (ಬಟ್ಟೆಯ ಅಗಲ) 90 ಸೆಂಟಿಮೀಟರ್ ಬರುವಂತೆ ಹಾಸು ಹೂಡಿದರೆ 45ರ ಎರಡು ತುಂಡು, ಅಂಚು ಕಳೆದು 41ರ ಎರಡು ಕವರು, ಚೂರೂ ಪೋಲಾಗದು. ಇನ್ನೊಂದು, ಒಂದು ಆರ್ಡರಿಗೆ ಬೇಕಾದ ಅಷ್ಟೂ ನೂಲನ್ನು ಶೇಕಡ 10 ಹೆಚ್ಚಿಗೆ ಸೇರಿಸಿ ಒಂದೇ ತೊಟ್ಟಿಯಲ್ಲಿ ಬಣ್ಣ ಮಾಡಬೇಕು. ಎರಡನೇ ತೊಟ್ಟಿಯ ಬಣ್ಣ ಮೊದಲನೆಯದಕ್ಕೆ ಹೊಂದುವುದಿಲ್ಲ, ಅಕ್ಕಪಕ್ಕ ತೂಗುವ ಎರಡು ಪರದೆಯಲ್ಲಿ ಅದು ದೂರಕ್ಕೇ ಕಾಣುತ್ತದೆ. ನೂಲಿನ ತೂಕ, ಪಿಎಚ್, ಶಾಖ, ಹೊತ್ತು, ಜೊತೆಗೆ ಒಂದು ಎಳೆಯ ಮಾದರಿ, ಇಷ್ಟನ್ನು ಪ್ರತಿ ತೊಟ್ಟಿಗೂ ಪುಸ್ತಕದಲ್ಲಿ ಬರೆದು ಅಂಟಿಸಿಟ್ಟರೆ ಮುಂದಿನ ಆರ್ಡರಿಗೆ ಅದೇ ಆಧಾರ. ಸಣ್ಣ ಘಟಕದ ಬಂಡವಾಳವೆಲ್ಲ ನೂಲಿನಲ್ಲೇ ಸಿಕ್ಕಿಕೊಳ್ಳುವುದರಿಂದ ಮೊದಲ ವರ್ಷ ಮೂರು ಬಣ್ಣ, ಎರಡು ನೇಯ್ಗೆ ಮೀರದಿರುವುದು ಜಾಣತನ.

ಇಷ್ಟೆಲ್ಲ ಸರಿಯಾಗಿ ಮಾಡಿದ ಬಟ್ಟೆಯನ್ನೂ ಮನೆಯ ಒಂದೇ ಒಗೆತ ಹಾಳುಮಾಡಬಲ್ಲದು. ಅನೇಕ ಡಿಟರ್ಜೆಂಟುಗಳಲ್ಲಿ ಕಲೆ ತೆಗೆಯಲು ಪ್ರೋಟೀನು ಕರಗಿಸುವ ಕಿಣ್ವ ಇರುತ್ತದೆ. ರೇಷ್ಮೆಯೂ ಪ್ರೋಟೀನೇ. ಕ್ಲೋರಿನ್ ಬ್ಲೀಚಂತೂ ರೇಷ್ಮೆಯನ್ನು ಕರಗಿಸಿಯೇ ಬಿಡುತ್ತದೆ. ಕಿಣ್ವವಿಲ್ಲದ ಮೃದು ಸೋಪು, 30 ಡಿಗ್ರಿ ಮೀರದ ನೀರು, ಹಿಂಡದೆ ನೆರಳಲ್ಲಿ ಒಣಗಿಸುವುದು, ಅರೆಹಸಿ ಇರುವಾಗ ಒಳಮೈಗೆ ಇಸ್ತ್ರಿ. ಈ ಸೂಚನೆಯ ಚೀಟಿಯನ್ನು ತಯಾರಕರೇ ಬಟ್ಟೆಗೆ ಹೊಲಿದು ಕೊಡಬೇಕು.

ತಮ್ಮ ಪತ್ರಿಕೆಯಲ್ಲಿ ನಮ್ಮ ಕೋರಿಕೆ ಇಷ್ಟೇ. ಇಂಥ ಉದ್ದಿಮೆಗಳ ಪರಿಚಯ ಬರೆಯುವಾಗ ನೂಲು ಯಾವುದು, ಬಣ್ಣ ಯಾವುದು, ಕಚ್ಚಿಸಿದ ಲವಣ ಯಾವುದು, ಬೆಳಕಿನ ಪರೀಕ್ಷೆಯಲ್ಲಿ ಎಷ್ಟು ಅಂಕ, ಬೇಯಿಸಿದ ನೀರು ಎಲ್ಲಿಗೆ ಹೋಯಿತು ಎಂಬ ಐದು ಪ್ರಶ್ನೆ ಕೇಳಿ ಉತ್ತರವನ್ನೂ ಅಚ್ಚು ಮಾಡಿ. ಓದುಗರು ಕೊಳ್ಳುವಾಗ ಇದನ್ನೇ ಕೇಳಲಿ. ತಯಾರಕರು ಈ ಐದನ್ನೂ ಲೇಬಲ್ಲಿನಲ್ಲಿ ಬರೆಯಲಿ.

ಇಂತಿ,
ರೇಷ್ಮೆ ಗೃಹವಸ್ತ್ರ ತಯಾರಿಸುವ ಸಣ್ಣ ಘಟಕವೊಂದರ ನೇಕಾರರು ಮತ್ತು ಬಣ್ಣಗಾರರು